ಒಂದು ಪೆನ್ ಡ್ರೈವ್ ಕಲಿಸಿದ ಪಾಠ

2008ರಲ್ಲಿ ಮಧ್ಯಪ್ರಾಚ್ಯದ ಅಮೆರಿಕ ಸೇನಾ ನೆಲೆಯೊಂದರಲ್ಲಿ ಲ್ಯಾಪ್‌ಟಾಪ್‌ಗೆ ಒಂದು ಪೆನ್ ಡ್ರೈವ್ ಹಾಕಲಾಯಿತು. ನಾವು ಜೆರಾಕ್ಸ್ ಅಂಗಡಿಗೆ ಒಯ್ಯುವಂಥದ್ದೇ. ಅದರಲ್ಲಿದ್ದ ವೈರಸ್ ಸೇನೆಯ ಗುಟ್ಟಿನ ಜಾಲದೊಳಕ್ಕೂ ಹೊಕ್ಕಿತು.

ಎಚ್ಚರಿಕೆ ಹತ್ತು ವರ್ಷ ಮೊದಲೇ ಸಿಕ್ಕಿತ್ತು. 1998ರಲ್ಲಿ ಸೇನಾ ಕಂಪ್ಯೂಟರ್‌ಗಳಿಗೆ ಯಾರೋ ನುಗ್ಗಿದಾಗ ಇರಾಕ್ ಮೇಲೆ ಅನುಮಾನ ಬಂತು. ಸಿಕ್ಕಿಬಿದ್ದವರಲ್ಲಿ ಇಬ್ಬರು ಕ್ಯಾಲಿಫೋರ್ನಿಯಾದ ಹದಿಹರೆಯದ ಹುಡುಗರು! ಅದೇ ವರ್ಷ ಜಾಲ ಕಾಯಲು ಜಂಟಿ ಪಡೆ ಹುಟ್ಟಿತು. ಆದರೆ ಮುಂದೆ ಕಾಯುವವರು ಒಂದು ಕಡೆ, ಶತ್ರುವಿನ ಜಾಲಕ್ಕೆ ನುಗ್ಗುವವರು ಇನ್ನೊಂದು ಕಡೆ ಆದರು. ಭೂಸೇನೆ, ನೌಕಾಪಡೆ, ವಾಯುಪಡೆಗಳಿಗೂ ಅವರವರದೇ ತಂಡಗಳಿದ್ದವು.

ಪೆನ್ ಡ್ರೈವ್ ಪ್ರಕರಣದ ನಂತರ, 2009ರ ಜೂನ್‌ನಲ್ಲಿ ರಕ್ಷಣಾ ಕಾರ್ಯದರ್ಶಿ ರಾಬರ್ಟ್ ಗೇಟ್ಸ್ 'ಸೈಬರ್ ಕಮಾಂಡ್' ರಚನೆಗೆ ಆದೇಶಿಸಿದರು. 2010ರ ಮೇನಲ್ಲಿ ಅದು ಕೆಲಸ ಶುರುಮಾಡಿತು. ಕಾವಲು, ದಾಳಿ ಎರಡೂ ಜನರಲ್ ಕೀತ್ ಅಲೆಕ್ಸಾಂಡರ್ ಕೈಗೆ ಬಂದವು. ಮುಂದೆ ಎಲ್ಲ ಪಡೆಗಳಿಂದ 133 ತಂಡಗಳನ್ನು ಕಟ್ಟಿದರು.

ಗೊಂದಲ ಪೂರ್ತಿ ತೀರಲಿಲ್ಲ. ಆಳುಗಳನ್ನು ಆರಿಸಿ, ತರಬೇತಿ ಕೊಡುವುದು ಆಯಾ ಪಡೆಗಳ ಬಳಿಯೇ ಉಳಿಯಿತು. ಹಾಗಾಗಿ ಪ್ರತ್ಯೇಕ ಸೈಬರ್ ಪಡೆಯೇ ಬೇಕೆಂಬ ಕೂಗು ಅಲ್ಲಿ ಎದ್ದಿದೆ.

ನಮ್ಮ ದೇಶದಲ್ಲೂ 2019ರಲ್ಲಿ ಮೂರೂ ಪಡೆಗಳಿಗೆ ಸೇರಿದ ರಕ್ಷಣಾ ಸೈಬರ್ ಏಜೆನ್ಸಿ ಶುರುವಾಯಿತು. ನಮ್ಮೂರ ಕೆರೆಯ ತೂಬಿಗೆ ಒಬ್ಬನೇ ನೀರಗಂಟಿ. ಮೂವರಿದ್ದರೆ, ನೀರು ಪೋಲಾದ ರಾತ್ರಿ ಯಾರನ್ನು ಕೇಳೋಣ? ಸೇನೆಗಳ ಮುಂದಿರುವುದೂ ಇದೇ ಪ್ರಶ್ನೆ.