ಸೋಲನ್ನೂ ಕಲಿಸಿದ ಗುರುಗಳು

ಕಬಕ-ಪುತ್ತೂರು ನಿಲ್ದಾಣ ಬಿಟ್ಟು ಹಾಸನದ ಕಡೆ ಹೊರಟ ರೈಲು ಘಟ್ಟ ಹತ್ತುವ ಮೊದಲು ನೆಟ್ಟಣದಲ್ಲಿ, ಅಂದರೆ ಸುಬ್ರಹ್ಮಣ್ಯ ರೋಡ್ ನಿಲ್ದಾಣದಲ್ಲಿ ನಿಲ್ಲುತ್ತದೆ. ಈ ಸಣ್ಣ ಹಾದಿಯ ಒಂದು ತುದಿಯಲ್ಲಿ ಶಿವರಾಮ ಕಾರಂತರು ದಶಕಗಳ ಕಾಲ ಬಾಳಿದ ಬಾಲವನವಿದೆ. ಇನ್ನೊಂದು ತುದಿಯಲ್ಲಿ, ಅವರ ‘ಬೆಟ್ಟದ ಜೀವ’ದ ಗೋಪಾಲಯ್ಯನವರು ಅಡಿಕೆ ತೋಟ ಎಬ್ಬಿಸಿದ ಕುಮಾರಪರ್ವತದ ತಪ್ಪಲು. ಅದೇ ಸುಬ್ರಹ್ಮಣ್ಯದ ಬಳಿಯ ಕುಳಕುಂದದಲ್ಲಿ 1924ರಲ್ಲಿ ಹುಟ್ಟಿದ ಶಿವರಾಯರು ಮುಂದೆ ನಿರಂಜನ ಎಂಬ ಹೆಸರಿನಲ್ಲಿ ಬರೆದರು. ಕನ್ನಡ ಕಥೆಗಳಲ್ಲಿ ಗುರು ಎನಿಸಿಕೊಂಡವರ ಜಾಡು ಹಿಡಿಯುವವರಿಗೆ ಪುತ್ತೂರು, ಸುಳ್ಯ, ಕಡಬಗಳ ಈ ಸೀಮೆಯಷ್ಟು ಒಳ್ಳೆಯ ಆರಂಭ ಬೇರೆಲ್ಲೂ ಸಿಗಲಿಕ್ಕಿಲ್ಲ.

ಈ ಜಾಡಿನಲ್ಲಿ ಮತ್ತೆ ಮತ್ತೆ ಎದುರಾಗುವ ಒಂದು ಸಂಗತಿಯಿದೆ. ಓದುಗರ, ಪ್ರೇಕ್ಷಕರ ಮನಸ್ಸಿನಲ್ಲಿ ಬೇರುಬಿಟ್ಟ ಗುರುಗಳು ಯಾರೂ ಎಲ್ಲ ಬಲ್ಲವರಲ್ಲ. ಒಂದಲ್ಲ ಒಂದು ಕಡೆ ಅವರ ಕೈ ಸೋತಿದೆ. ಆ ಸೋಲನ್ನು ಲೇಖಕ ಮುಚ್ಚಿಡದೆ ಬರೆದಿದ್ದರಿಂದಲೇ ಅವರು ಕಲಿಸಿದ್ದಕ್ಕೆ ತೂಕ ಬಂದಿದೆ.

ಇದಕ್ಕೆ ಹಳೆಯ ತಳಹದಿ ಯಕ್ಷಗಾನದಲ್ಲಿದೆ, ಅದರಲ್ಲೂ ತಾಳಮದ್ದಳೆಯಲ್ಲಿ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹೇಳುತ್ತಾರೆ, ಅರ್ಥಧಾರಿ ಅಲ್ಲೇ ಮಾತು ಕಟ್ಟುತ್ತಾನೆ. ಸುಳ್ಯ ತಾಲೂಕಿನ ಚೊಕ್ಕಾಡಿಯ ದೇರಾಜೆ ಸೀತಾರಾಮಯ್ಯನವರು, ಕಾಸರಗೋಡು ಕಡೆಯ ಶೇಣಿ ಗೋಪಾಲಕೃಷ್ಣ ಭಟ್ಟರು ಈ ಕಲೆಯನ್ನು ವಿಚಾರದ ಎತ್ತರಕ್ಕೆ ಒಯ್ದ ದೊಡ್ಡ ಹೆಸರುಗಳು. ಇಲ್ಲಿನ ಜನ ಇಷ್ಟಪಟ್ಟು ಕೇಳುವ ‘ಭೀಷ್ಮ ವಿಜಯ’ ಪ್ರಸಂಗದಲ್ಲಿ ಅಂಬೆಯ ಪರವಾಗಿ ಬಂದ ಪರಶುರಾಮ ತಾನೇ ಬಿಲ್ಲು ಹಿಡಿಯಲು ಕಲಿಸಿದ ಭೀಷ್ಮನ ಎದುರು ಯುದ್ಧಕ್ಕೆ ನಿಲ್ಲಬೇಕಾಗುತ್ತದೆ. ಗುರುವಿನ ಮಾತು ಮೀರಿದ ಶಿಷ್ಯ ತಪ್ಪಿತಸ್ಥನೋ, ಶಿಷ್ಯನ ಪ್ರತಿಜ್ಞೆ ಮುರಿಯ ಹೊರಟ ಗುರು ತಪ್ಪಿತಸ್ಥನೋ? ಪ್ರತಿ ಕೂಟದಲ್ಲೂ ವಾದ ಹೊಸದಾಗಿ ಹುಟ್ಟುತ್ತದೆ, ತೀರ್ಪು ಕೇಳಿದವರ ಪಾಲಿಗೆ ಉಳಿಯುತ್ತದೆ. ಪುಸ್ತಕ ಕಂಡಿರದ ಅಜ್ಜಂದಿರು ಸಹ ಗುರು ಪ್ರಶ್ನಾತೀತನಲ್ಲ ಎಂಬ ವಿಚಾರವನ್ನು ಇಂಥ ಕೂಟಗಳಲ್ಲಿ ಕೇಳಿಯೇ ಬೆಳೆದವರು. ಅತ್ತ ಘಟ್ಟದ ಮೇಲೆ ಕುವೆಂಪು 1947ರ ‘ಬೆರಳ್‌ಗೆ ಕೊರಳ್’ ನಾಟಕದಲ್ಲಿ ಏಕಲವ್ಯನ ಹೆಬ್ಬೆರಳನ್ನು ಎತ್ತಿಕೊಂಡು ದ್ರೋಣನನ್ನು ಇದೇ ಕಟಕಟೆಗೆ ತಂದು ನಿಲ್ಲಿಸಿದರು.

ಕಾದಂಬರಿಯ ಕಾಲ ಬಂದಾಗ ಕಾರಂತರು ಗುರುವನ್ನು ಶಾಲೆಯ ಕಟ್ಟಡದಿಂದಲೇ ಹೊರಗೆ ಕರೆತಂದರು. ಅದಕ್ಕೆ ಕಾರಣ ಅವರ ಬದುಕಿನಲ್ಲೇ ಇತ್ತು. ಪಠ್ಯ, ಪರೀಕ್ಷೆ, ಬೆತ್ತಗಳ ಶಿಕ್ಷಣದ ಮೇಲೆ ಅವರಿಗೆ ನಂಬಿಕೆಯಿರಲಿಲ್ಲ. ಬಾಲವನದಲ್ಲಿ ಮಕ್ಕಳನ್ನು ಆಟ, ಕುಣಿತ, ಪ್ರಕೃತಿಗಳ ನಡುವೆ ಬೆಳೆಸುವ ಪ್ರಯೋಗ ನಡೆಸಿದರು. ಮಕ್ಕಳಿಗಾಗಿ ‘ಬಾಲ ಪ್ರಪಂಚ’ದ ಸಂಪುಟಗಳನ್ನು ಒಬ್ಬರೇ ಕೂತು ಬರೆದರು.

1943ರ ‘ಬೆಟ್ಟದ ಜೀವ’ದಲ್ಲಿ ಸುಬ್ರಹ್ಮಣ್ಯದ ಕಾಡಿನಲ್ಲಿ ದಾರಿ ತಪ್ಪಿದ ಒಬ್ಬ ಪೇಟೆಯವನನ್ನು ದೇರಣ್ಣ, ಬಟ್ಯ ಎಂಬಿಬ್ಬರು ಕೆಳಬೈಲಿನ ಗೋಪಾಲಯ್ಯನವರ ಮನೆಗೆ ತಲುಪಿಸುತ್ತಾರೆ. ಕೆಲವು ದಿನದ ಅತಿಥಿಯಾಗಿ ಉಳಿದ ಆತನಿಗೆ ಮುದುಕರು ಪಾಠವನ್ನೇನೂ ಹೇಳುವುದಿಲ್ಲ. ಬಿಸಿನೀರಿನ ಸ್ನಾನ ಮಾಡಿಸುತ್ತಾರೆ, ಹೊಟ್ಟೆ ತುಂಬ ಬಡಿಸುತ್ತಾರೆ, ಗುಡ್ಡ ಹತ್ತಿಸಿ ತೋಟ ತೋರಿಸುತ್ತಾರೆ. ಆನೆ ನುಗ್ಗುವ, ಹುಲಿ ದನ ಹಿಡಿಯುವ ಜಾಗದಲ್ಲಿ ಇವರು ಅಡಿಕೆ ಸಸಿ ನೆಟ್ಟವರು. ತಾವು ಫಲ ಕಾಣದಿದ್ದರೂ ನೆಡುವವರು. ನೋಡನೋಡುತ್ತ ಅತಿಥಿಯ ಒಳಗೆ ಏನೋ ಬದಲಾಗುತ್ತದೆ. ಆದರೆ ಇಷ್ಟೆಲ್ಲ ಕಲಿಸಬಲ್ಲ ಗೋಪಾಲಯ್ಯನವರಿಗೆ ಹೆತ್ತ ಮಗ ಶಂಭುವನ್ನು ಮನೆಯಲ್ಲಿ ಉಳಿಸಿಕೊಳ್ಳಲು ಆಗಿಲ್ಲ. ಹೋದವನ ಸುದ್ದಿಯಿಲ್ಲ. ಗಂಡ-ಹೆಂಡತಿ ತಮ್ಮ ದುಃಖವನ್ನು ಒಬ್ಬರಿಂದೊಬ್ಬರು ಬಚ್ಚಿಟ್ಟುಕೊಂಡು ಬದುಕುತ್ತಾರೆ. ಹೆಂಡತಿ ಶಂಕರಮ್ಮನ ಎದುರು ಗೋಪಾಲಯ್ಯನವರು ಹಾರಿಸುವ ಒಂದೊಂದು ನಗೆಚಟಾಕಿಯ ಹಿಂದೆಯೂ ಆ ಸಂಕಟವಿದೆ. ಕಾರಂತರು ಈ ಗಾಯವನ್ನು ಬರೆಯದೆ ಬಿಟ್ಟಿದ್ದರೆ ಗೋಪಾಲಯ್ಯನವರು ಬರೀ ಆದರ್ಶ ಕೃಷಿಕರಾಗಿ ಉಳಿಯುತ್ತಿದ್ದರು. ಪಿ. ಶೇಷಾದ್ರಿ ಈ ಕಾದಂಬರಿಯನ್ನು ಸಿನಿಮಾ ಮಾಡಿದಾಗ ದತ್ತಣ್ಣ ಆ ಪಾತ್ರಕ್ಕೆ ತಂದ ಗೆಲುವು ಮತ್ತು ದಣಿವು ಎರಡೂ ನೆನಪಿನಲ್ಲಿಡಬೇಕಾದವು.

ಕಾಲು ಶತಮಾನದ ನಂತರ, 1968ರಲ್ಲಿ, ಕಾರಂತರು ಮತ್ತೊಬ್ಬ ಗುರುವನ್ನು ಕೊಟ್ಟರು. ‘ಮೂಕಜ್ಜಿಯ ಕನಸುಗಳು’ 1977ರಲ್ಲಿ ಅವರಿಗೆ ಜ್ಞಾನಪೀಠ ಪ್ರಶಸ್ತಿ ತಂದ ಕೃತಿ. ಅಕ್ಷರ ಕಲಿಯದ, ಬಾಲ್ಯದಲ್ಲೇ ವಿಧವೆಯಾದ, ಊರವರು ಅರೆಮರುಳು ಎಂದುಕೊಂಡ ಮುದುಕಿ ಇಲ್ಲಿ ಓದಿದ ಮೊಮ್ಮಗ ಸುಬ್ಬರಾಯನಿಗೆ ದೇವರು, ಕಾಮ, ಸಾವುಗಳ ಬಗ್ಗೆ ಯೋಚಿಸಲು ಕಲಿಸುತ್ತಾಳೆ. ಕೈಗೆ ಏನಾದರೂ ವಸ್ತು ಕೊಟ್ಟರೆ ಅದರ ಹಿಂದಿನ ಕಾಲ ಅವಳ ಕಣ್ಣಿಗೆ ಕಟ್ಟುತ್ತದೆ. ಕಂಡದ್ದನ್ನು ಹೇಳುತ್ತಾಳೆ, ನಂಬಬೇಕೆಂದು ಹಟ ಮಾಡುವುದಿಲ್ಲ. ಈ ಪಾತ್ರದಲ್ಲಿ ಕಾರಂತರು ಮಾಡಿದ ದೊಡ್ಡ ಕೆಲಸವೇ ಇದು: ಶಿಷ್ಯನಿಗೆ ಒಪ್ಪದಿರುವ ಹಕ್ಕನ್ನು ಬಿಟ್ಟುಕೊಡುವ ಗುರುವನ್ನು ಸೃಷ್ಟಿಸಿದ್ದು.

ನಿರಂಜನರ ದಾರಿ ಬೇರೆ. ಅವರ ಗುರು ಮಣೆಯ ಮೇಲೆ ಕೂತವನಲ್ಲ, ಬೀದಿಗಿಳಿದವನು. ‘ದೂರದ ನಕ್ಷತ್ರ’ದಲ್ಲಿ ಹಳ್ಳಿಶಾಲೆಯ ಉಪಾಧ್ಯಾಯ ಜಯದೇವನನ್ನೇ ನಾಯಕನನ್ನಾಗಿಸಿ, ಅಲ್ಪ ಸಂಬಳದ ಆ ಬದುಕನ್ನು ಕಾದಂಬರಿಯ ವಸ್ತು ಮಾಡಿದರು. 1955ರ ‘ಚಿರಸ್ಮರಣೆ’ಯಲ್ಲಿ ಇನ್ನೂ ಮುಂದೆ ಹೋದರು. ಕಾಸರಗೋಡಿನ ಕಯ್ಯೂರಿನಲ್ಲಿ 1941ರಲ್ಲಿ ಎದ್ದ ರೈತ ಹೋರಾಟ, ಅದರ ಪರಿಣಾಮವಾಗಿ 1943ರ ಮಾರ್ಚ್ 29ರಂದು ಕಣ್ಣೂರು ಜೈಲಿನಲ್ಲಿ ನಾಲ್ವರು ಯುವಕರಿಗೆ ಆದ ಗಲ್ಲು ಈ ಕಾದಂಬರಿಯ ಬೆನ್ನೆಲುಬು. ಅಪ್ಪು, ಚಿರುಕಂಡ ಎಂಬ ಹುಡುಗರಿಗೆ ಜಮೀನ್ದಾರಿಕೆಯ ಅನ್ಯಾಯವನ್ನು ಗುರುತಿಸಲು ಕಲಿಸುವವರು ಅವರ ಮಾಸ್ತರು. ಪಾಠ ಫಲಿಸುತ್ತದೆ, ಹುಡುಗರು ಬೆಳೆದು ಸಂಘಟನೆ ಕಟ್ಟುತ್ತಾರೆ, ಉರುಳು ಬೀಳುವುದು ಅವರ ಕೊರಳಿಗೆ. ಕಲಿಸಿದ್ದನ್ನು ಶಿಷ್ಯ ಪೂರ್ತಿ ನಂಬಿದಾಗ ತೆರಬೇಕಾದ ಬೆಲೆ ಎಷ್ಟೆಂಬುದನ್ನು ಕನ್ನಡದಲ್ಲಿ ಇಷ್ಟು ನೇರವಾಗಿ ಕೇಳಿದ ಕಾದಂಬರಿಗಳು ಕಡಿಮೆ. ಹಾಲಿವುಡ್‌ನ ‘ಡೆಡ್ ಪೊಯೆಟ್ಸ್ ಸೊಸೈಟಿ’ 1989ರಲ್ಲಿ ಕೀಟಿಂಗ್ ಎಂಬ ಮೇಷ್ಟರನ್ನೂ ಜೀವ ಕಳೆದುಕೊಂಡ ಅವರ ಶಿಷ್ಯನನ್ನೂ ತೋರಿಸಿ ಜಗತ್ತನ್ನು ಅಳಿಸುವುದಕ್ಕೆ ಮೂವತ್ತಕ್ಕೂ ಹೆಚ್ಚು ವರ್ಷ ಮೊದಲೇ ಕುಳಕುಂದದ ಈ ಲೇಖಕ ಅದೇ ಕಗ್ಗಂಟಿಗೆ ಕೈಹಾಕಿದ್ದರು.

ಸಿನಿಮಾ ಈ ಪಾತ್ರವನ್ನು ಮನೆಮನೆಗೆ ತಲುಪಿಸಿತು. ಬಿ.ಆರ್. ಪಂತುಲು ಅವರ ‘ಸ್ಕೂಲ್ ಮಾಸ್ಟರ್’ (1958) ಮುಪ್ಪಿನಲ್ಲಿ ಮಕ್ಕಳಿಂದಲೇ ನೋಯುವ ಶಿಕ್ಷಕನ ಕಥೆ. ಅಲ್ಲಿ ಗುರು ನಿಷ್ಕಳಂಕ, ತಪ್ಪೆಲ್ಲ ಲೋಕದ್ದು. ಕಣ್ಣೀರು ತರಿಸಿದರೂ ಗುರುವಿನ ಬಗ್ಗೆ ಹೊಸದೇನನ್ನೂ ಅದು ಹೇಳಲಿಲ್ಲ. 1972ರಲ್ಲಿ ತ.ರಾ.ಸು. ಅವರ ಕಾದಂಬರಿಗಳಿಂದ ಪುಟ್ಟಣ್ಣ ಕಣಗಾಲ್ ತೆಗೆದ ‘ನಾಗರಹಾವು’ ಬಂತು. ಕೆ.ಎಸ್. ಅಶ್ವಥ್ ಅವರ ಚಾಮಯ್ಯ ಮೇಷ್ಟ್ರು ರಾಮಾಚಾರಿಯ ಸಿಟ್ಟಿನೊಳಗಿನ ಒಳ್ಳೆಯತನವನ್ನು ಕಂಡ ಒಬ್ಬರೇ ಹಿರಿಯರು. ಅದೇ ಮೇಷ್ಟ್ರು ಸಮಾಜಕ್ಕೆ ಹೆದರಿ, ಅವನು ಪ್ರೀತಿಸಿದ ಅಲಮೇಲುವನ್ನು ಮರೆತುಬಿಡು ಎಂದು ಶಿಷ್ಯನನ್ನು ಒಪ್ಪಿಸುತ್ತಾರೆ. ಅಲ್ಲಿಂದ ಮೂವರ ಬದುಕೂ ಕುಸಿಯುತ್ತದೆ. ಪ್ರೀತಿಯಿಂದ ಕೊಟ್ಟ ಸಲಹೆಯೂ ಮಾರಕವಾಗಬಹುದು ಎಂದು ತೋರಿಸಿದ ಧೈರ್ಯ ಆ ಚಿತ್ರದ್ದು, ಅಶ್ವಥ್ ಇಂದಿಗೂ ಕಾಡುವುದು ಅದರಿಂದಲೇ.

ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೋ’ (1980) ಬರುವ ಹೊತ್ತಿಗೆ ಗುರುಶಿಷ್ಯರ ನಡುವಿನ ಮಣೆಯ ಎತ್ತರವೇ ಇಳಿದಿತ್ತು. ಮೂಡಿಗೆರೆಯ ವಿಜ್ಞಾನಿ ಕರ್ವಾಲೋ ಕೆಲಸಕ್ಕೆ ಬಾರದವನೆಂದು ಊರು ಲೆಕ್ಕ ಹಾಕಿದ ಮಂದಣ್ಣನಲ್ಲಿ ಹುಟ್ಟು ಪ್ರಕೃತಿತಜ್ಞನನ್ನು ಗುರುತಿಸುತ್ತಾರೆ. ಅವನಿಂದ ತಾವೇ ಕಲಿಯುತ್ತಾರೆ. ಎಲ್ಲರೂ ಸೇರಿ ಹಾರುವ ಓತಿಯನ್ನು ಹುಡುಕಿಕೊಂಡು ಕಾಡು ಹೊಕ್ಕರೆ, ಕೊನೆಗೆ ಅದು ಕೈಗೆ ಸಿಗದೆ ಕಣಿವೆಗೆ ತೇಲಿಹೋಗುತ್ತದೆ. ಕರ್ವಾಲೋ ಅದಕ್ಕೆ ಎದೆಗೆಡುವುದಿಲ್ಲ.

ಮತ್ತೆ ಕರಾವಳಿಗೆ ಬಂದರೆ, 2018ರಲ್ಲಿ ರಿಷಬ್ ಶೆಟ್ಟಿ ನಿರ್ದೇಶಿಸಿದ ‘ಸರ್ಕಾರಿ ಹಿ. ಪ್ರಾ. ಶಾಲೆ, ಕಾಸರಗೋಡು, ಕೊಡುಗೆ: ರಾಮಣ್ಣ ರೈ’. ಮಕ್ಕಳ ಚಿತ್ರ ವಿಭಾಗದಲ್ಲಿ ರಾಷ್ಟ್ರಪ್ರಶಸ್ತಿ ಪಡೆದ ಈ ಚಿತ್ರದಲ್ಲಿ ಗಡಿನಾಡಿನ ಕನ್ನಡ ಶಾಲೆಗೆ ಕನ್ನಡವೇ ಬಾರದ ಶಿಕ್ಷಕ ಬರುತ್ತಾನೆ, ಶಾಲೆಗೆ ಬೀಗ ಬೀಳುತ್ತದೆ. ಆಗ ಮಕ್ಕಳೇ ಮೈಸೂರಿಗೆ ಹೋಗಿ ಅನಂತ್‌ನಾಗ್ ಅವರ ಅನಂತಪದ್ಮನಾಭನನ್ನು ಹುಡುಕಿ ತರುತ್ತಾರೆ. ಶಿಷ್ಯರು ಗುರುವನ್ನು ಆರಿಸಿಕೊಳ್ಳುವುದು ಇಲ್ಲಿಯ ಹೊಸತನ. ನ್ಯಾಯಾಲಯದ ಭಾಷಣಕ್ಕೆ ಚಪ್ಪಾಳೆ ಸಿಕ್ಕಿತು, ಸಿಗಬೇಕಾದ್ದೇ. ಆದರೂ ಚಿತ್ರದ ಜೀವಾಳ ಆ ಭಾಷಣಕ್ಕಿಂತ ಹೆಚ್ಚಾಗಿ ತಮ್ಮ ಶಾಲೆಗಾಗಿ ತಾವೇ ಕಾಲೂರಿ ನಿಂತ ಮಕ್ಕಳಲ್ಲಿದೆ. ಅವರಿಗೆ ಅಷ್ಟು ಧೈರ್ಯ ಬಂದದ್ದೂ ಕಲಿಕೆಯ ಫಲವೇ.

ಈ ಸಾಲಿನ ಉದ್ದಕ್ಕೂ ಒಂದು ಕೊರತೆ ಕಣ್ಣಿಗೆ ರಾಚುತ್ತದೆ. ಶೇಷಾದ್ರಿಯವರ 2019ರ ಚಿತ್ರದಲ್ಲಿ ಬಿ. ಜಯಶ್ರೀ ಜೀವ ತುಂಬಿದ ಮೂಕಜ್ಜಿಯೊಬ್ಬಳನ್ನು ಬಿಟ್ಟರೆ ಇಲ್ಲಿ ಹೆಸರಿಸಿದ ಗುರುಗಳೆಲ್ಲ ಗಂಡಸರು. ಕಬಕದಿಂದ ಗುತ್ತಿಗಾರಿನವರೆಗೆ ಯಾವ ಶಾಲೆಯ ಮೆಟ್ಟಿಲು ಹತ್ತಿದರೂ ಟೀಚರುಗಳು ಸಿಗುತ್ತಾರೆ. ಮನೆಯಲ್ಲಿ ತುಳುವೋ ಬ್ಯಾರಿಯೋ ಅರೆಭಾಷೆಯೋ ಹವ್ಯಕವೋ ಮಾತಾಡಿ ಬಂದ ಮಕ್ಕಳನ್ನು ಒಂದೇ ಬೆಂಚಿನಲ್ಲಿ ಕೂರಿಸಿ ಕನ್ನಡ ಓದಿಸುವವರು ಅವರು. ಅವರ ಗೆಲುವನ್ನೂ ಸೋಲನ್ನೂ ಗೋಪಾಲಯ್ಯನವರಿಗೆ ಸಿಕ್ಕಷ್ಟು ಪುಟಗಳಲ್ಲಿ, ಅಷ್ಟೇ ನಿಷ್ಠುರ ಪ್ರೀತಿಯಿಂದ ಬರೆಯುವ ಲೇಖಕ ಅಥವಾ ಲೇಖಕಿ ಇದೇ ಸೀಮೆಯಿಂದ ಬರಲಿ ಎಂದು ಬಯಸುವುದು ಅತಿಯಾಸೆಯಲ್ಲ. ಅದಕ್ಕೆ ಬೇಕಾದ ಸರಕು ಇಲ್ಲಿನ ಒಂದೊಂದು ತರಗತಿಯಲ್ಲೂ ಇದೆ.