ಅಬ್ರಹಾಂ ದಾವೆ ಮತ್ತು ಬಳ್ಳಾರಿ ಸೀಮೆಯ ಕ್ರೈಸ್ತರು

ಬಳ್ಳಾರಿ ಸೀಮೆ 1800ರಲ್ಲಿ ಹೈದರಾಬಾದಿನ ನಿಜಾಮನಿಂದ ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿತು. ಸಿರುಗುಪ್ಪ, ಕುರುಗೋಡು, ಸಿರಿಗೇರಿಯಂಥ ಎರೆಭೂಮಿಯ ಊರುಗಳೆಲ್ಲ ಮದ್ರಾಸಿನ ಆಡಳಿತಕ್ಕೆ ಒಳಪಟ್ಟು, 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವವರೆಗೂ ಅಲ್ಲೇ ಉಳಿದವು. ಬಳ್ಳಾರಿಯಲ್ಲಿ ದೊಡ್ಡ ದಂಡುಪ್ರದೇಶವಿತ್ತು. ಅದರ ಬೆನ್ನಿಗೆ ತಮಿಳು, ತೆಲುಗು ಮಾತಾಡುವ ಸಿಪಾಯಿಗಳು, ಬಟ್ಲರುಗಳು, ಬಜಾರಿನ ವ್ಯಾಪಾರಿಗಳು ಬಂದು ನೆಲೆಸಿದರು. ಈ ಸೀಮೆಯಲ್ಲಿ ಕ್ರೈಸ್ತ ಧರ್ಮದ ಬೆಳವಣಿಗೆಗೆ ದಂಡಿನ ಬಜಾರೂ ಒಂದು ನೆಲೆಯಾಯಿತು.

ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದ. ಮಿಷನರಿಗಳನ್ನು ಕಂಪನಿ ಆಗಿನ್ನೂ ಅನುಮಾನದಿಂದಲೇ ನೋಡುತ್ತಿತ್ತು. ಅವರ ಪ್ರವೇಶಕ್ಕೆ ಕಾನೂನಿನ ದಾರಿ ತೆರೆದದ್ದು ಕಂಪನಿಯ 1813ರ ಸನದಿನಿಂದ. ಹ್ಯಾಂಡ್ಸ್ ಕನ್ನಡ ಕಲಿತು ಬೈಬಲ್ಲಿನ ಅನುವಾದಕ್ಕೆ ಕೂತ. ಇಡೀ ಕನ್ನಡ ಬೈಬಲ್ 1831ರ ಹೊತ್ತಿಗೆ ಅಚ್ಚಾಯಿತು. ಅವನ ಸಹೋದ್ಯೋಗಿ ವಿಲಿಯಂ ರೀವ್ ಸಿದ್ಧಪಡಿಸಿದ ಕನ್ನಡ–ಇಂಗ್ಲಿಷ್ ನಿಘಂಟು 1832ರಲ್ಲಿ ಹೊರಬಂತು. ಕಿಟೆಲ್ ನಿಘಂಟಿಗಿಂತ ಅದು ಆರು ದಶಕ ಹಿಂದಿನದು. ಮಿಷನ್ನಿನ ವಾರ್ಡ್‌ಲಾ ಶಾಲೆ 1846ರಲ್ಲಿ ಶುರುವಾಯಿತು. ಪುಸ್ತಕ, ಅಚ್ಚು, ಶಾಲೆಗಳ ಮಟ್ಟಿಗೆ ಮಿಷನ್ನಿನ ಕೆಲಸ ಗಟ್ಟಿಯಾಗಿತ್ತು. ಆದರೆ ದೀಕ್ಷಾಸ್ನಾನಕ್ಕೆ ಮುಂದೆ ಬಂದವರು ಬೆರಳೆಣಿಕೆಯಷ್ಟೇ ಮಂದಿ.

ಬಂದವರಿಗೆ ಮೊದಲು ಬದಲಾಗುತ್ತಿದ್ದುದು ಹೆಸರು. ಬಳ್ಳಾರಿಯ ಸಭೆಯನ್ನು 1827ರಿಂದ ಎರಡು ದಶಕ ನಡೆಸಿ 1847ರಲ್ಲಿ ತೀರಿಕೊಂಡ ಸ್ಯಾಮ್ಯುಯೆಲ್ ಫ್ಲೇವೆಲ್ ಕೊಲ್ಲಂ ಕಡೆಯವನು, ಹುಟ್ಟುಹೆಸರು ಶಂಕರಲಿಂಗ. ಹೊಸ ಹೆಸರಿನ ಅರ್ಧ ಬೈಬಲ್ಲಿನ ಪ್ರವಾದಿಯದು. ಉಳಿದರ್ಧ, ಹದಿನೇಳನೆಯ ಶತಮಾನದ ಇಂಗ್ಲಿಷ್ ಬೋಧಕ ಜಾನ್ ಫ್ಲೇವೆಲ್ಲನ ಮನೆತನದ ಹೆಸರೇ. ಶಿವನ ಹೆಸರು ಹೊತ್ತವನಿಗೆ ಇಂಗ್ಲೆಂಡಿನ ಮನೆತನದ ಹೆಸರು ಅಂಟಿಕೊಂಡದ್ದು ಆ ಕಾಲದ ರೂಢಿಗೆ ವಿಚಿತ್ರವೇನಲ್ಲ. ಹಳ್ಳಿಗಳ ಕಡೆ ಇದು ಬೇರೆ ದಾರಿ ಹಿಡಿಯಿತು: ಮರಿಯಪ್ಪ, ಯೇಸಪ್ಪ, ಮರಿಯಮ್ಮ ಎಂಬ ಹೆಸರುಗಳಲ್ಲಿ ಬೈಬಲ್ಲಿಗೆ ಕನ್ನಡದ ಅಪ್ಪ-ಅಮ್ಮ ಸೇರಿಕೊಂಡರು, ತಾಳಿಯಲ್ಲಿ ಶಿಲುಬೆ ಕೂತಿತು.

ಹೆಸರು ಬದಲಿಸಿದವನು ಕಾನೂನಿನ ಕಣ್ಣಿಗೆ ಯಾರು? ಈ ಪ್ರಶ್ನೆಯನ್ನು ಇಡೀ ಭಾರತಕ್ಕೆ ಇತ್ಯರ್ಥ ಮಾಡಿದ ಮೊಕದ್ದಮೆ ಹುಟ್ಟಿದ್ದು ಬಳ್ಳಾರಿಯಲ್ಲೇ. ಮ್ಯಾಥ್ಯೂ ಅಬ್ರಹಾಂ ತಮಿಳು ಪರೈಯರ್ ಮೂಲದ ಕ್ರೈಸ್ತ ಕುಟುಂಬದವನು. ಹೆಂಡತಿ ಷಾರ್ಲಟ್ ಫಾಕ್ಸ್ ಯುರೇಷಿಯನ್ ಮನೆತನದವಳು, ಆಗಿನ ಮಾತಿನಲ್ಲಿ ‘ಈಸ್ಟ್ ಇಂಡಿಯನ್’. ದಂಡಿನ ಬಜಾರಿನ ಅಂಗಡಿ, ಸಾರಾಯಿ ಭಟ್ಟಿ, ಅಬಕಾರಿ ಗುತ್ತಿಗೆಗಳಿಂದ ಮ್ಯಾಥ್ಯೂ ದೊಡ್ಡ ಆಸ್ತಿ ಕಟ್ಟಿದ. 1842ರಲ್ಲಿ ಉಯಿಲು ಬರೆಯದೆ ಸತ್ತ. ವ್ಯಾಪಾರ ತಮ್ಮ ಫ್ರಾನ್ಸಿಸನ ಕೈಗೆ ಬಂತು. ಹಲವು ವರ್ಷ ಹೇಗೋ ನಡೆದದ್ದು ಕೊನೆಗೆ ಮುರಿದುಬಿದ್ದು, 1854ರಲ್ಲಿ ಷಾರ್ಲಟ್ ಬಳ್ಳಾರಿಯ ನ್ಯಾಯಾಲಯದ ಮೆಟ್ಟಿಲು ಹತ್ತಿದಳು.

ಫ್ರಾನ್ಸಿಸನ ವಾದ ಸರಳವಾಗಿತ್ತು: ತಾವು ಹಿಂದೂ ಮೂಲದವರು, ಅಣ್ಣತಮ್ಮಂದಿರದು ಅವಿಭಕ್ತ ಕುಟುಂಬ, ಆದ್ದರಿಂದ ಆಸ್ತಿಯಲ್ಲಿ ತನಗೂ ಪಾಲಿದೆ. ಗಂಡ ಬಾಳಿದ್ದು ಈಸ್ಟ್ ಇಂಡಿಯನ್ನರ ರೀತಿಯಲ್ಲಿ, ಹಿಂದೂ ಕಾನೂನಿಗೂ ತಮ್ಮ ಮನೆಗೂ ಸಂಬಂಧವಿಲ್ಲ ಎಂಬುದು ಷಾರ್ಲಟಳ ಮಾತು. ಹೀಗಾಗಿ ಸಾಕ್ಷಿಗಳು ದೇವರ ವಿಷಯಕ್ಕಿಂತ ಹೆಚ್ಚಾಗಿ ಉಡುಪು, ನಡೆನುಡಿ, ಒಡನಾಟಗಳ ವಿಷಯ ಹೇಳಬೇಕಾಯಿತು. ದಾವೆ ಮದ್ರಾಸಿನ ಸದರ್ ಅದಾಲತ್ ದಾಟಿ ಲಂಡನ್ನಿನ ಪ್ರಿವಿ ಕೌನ್ಸಿಲ್ ತಲುಪಿತು. 1863ರಲ್ಲಿ ಬಂದ ತೀರ್ಪು ಹೀಗಿತ್ತು: ಮತಾಂತರವಾದವನ ಮೇಲೆ ಹಿಂದೂ ಕಾನೂನು ಕಡ್ಡಾಯವಾಗಿ ಉಳಿಯುವುದಿಲ್ಲ, ಹಳೆಯ ಧರ್ಮದ ಜೊತೆ ಹಳೆಯ ಕಾನೂನನ್ನೂ ಅವನು ಬಿಡಬಹುದು, ಬೇಕೆಂದರೆ ಕಾನೂನನ್ನಷ್ಟೇ ಉಳಿಸಿಕೊಳ್ಳಬಹುದು, ಯಾವುದನ್ನು ಆರಿಸಿದ ಎಂಬುದನ್ನು ಅವನ ನಡವಳಿಕೆಯಿಂದ ತಿಳಿಯಬೇಕು. ಅವಿಭಕ್ತ ಕುಟುಂಬದ ವಾದ ಬಿದ್ದುಹೋಯಿತು. ಕೋಟು ತೊಡುವವನಿಗೂ ಪಂಚೆ ಉಡುವವನಿಗೂ ನಂಬಿಕೆ ಒಂದೇ ಇದ್ದರೂ ಬೇರೆ ಬೇರೆ ಕಾನೂನು ಅನ್ವಯಿಸಬಹುದಿತ್ತು ಎಂಬುದೇ ಈ ತೀರ್ಪಿನ ಬೆರಗು.

ಅಂಥ ಅವಕಾಶ ಹೆಚ್ಚು ಕಾಲ ಇರಲಿಲ್ಲ. 1865ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಕ್ರೈಸ್ತರಿಗೆಲ್ಲ ಒಂದೇ ಕಟ್ಟು ಹಾಕಿತು. ಅದಕ್ಕೂ ಮೊದಲು 1850ರ ಕಾಯ್ದೆಯೊಂದು ಧರ್ಮ ಬಿಟ್ಟವನಿಗೆ ಪಿತ್ರಾರ್ಜಿತ ತಪ್ಪಬಾರದೆಂದು ಹೇಳಿತ್ತು. ಗಂಡ ಅಥವಾ ಹೆಂಡತಿ ಮತಾಂತರದ ಕಾರಣಕ್ಕೆ ಬಿಟ್ಟುಹೋದರೆ ಬಿಡುಗಡೆ ಪಡೆಯಲು 1866ರ ಕಾಯ್ದೆ ದಾರಿ ಮಾಡಿತು.

ಆಸ್ತಿಯೇ ಇಲ್ಲದವರಿಗೆ ಈ ಕಾನೂನುಗಳಿಂದ ಆಗಬೇಕಾದ್ದೇನೂ ಇರಲಿಲ್ಲ. 1876–78ರ ಬರದಲ್ಲಿ ಬಳ್ಳಾರಿ ಜಿಲ್ಲೆ ನುಚ್ಚುನೂರಾಯಿತು. 1871ರ ಮತ್ತು 1881ರ ಜನಗಣತಿಗಳ ನಡುವೆ ಸುಮಾರು ಐದರಲ್ಲೊಂದು ಪಾಲು ಜನ ಕಡಿಮೆಯಾದರು. ಅದೇ ಬರದ ಹೊತ್ತಿನಲ್ಲಿ ತೆಲುಗು ನಾಡಿನ ಒಂಗೋಲು ಮಿಷನ್ನಿನವರು 1878ರ ಜುಲೈ 3ರಂದು ಒಂದೇ ದಿನ 2,222 ಮಂದಿಗೆ ದೀಕ್ಷಾಸ್ನಾನ ಕೊಟ್ಟರು. ಕನ್ನಡದ ಕಡೆ ಆ ಪ್ರಮಾಣದ ಅಲೆ ಏಳಲಿಲ್ಲ. ಕೇರಿಗೆ ಕೇರಿಯೇ ಕ್ರೈಸ್ತವಾದ ಕಡೆ ಸಂಬಂಧಿಕರು, ಕುಲಬಾಂಧವರು ಜೊತೆಗೇ ಇರುತ್ತಿದ್ದರು. ಒಬ್ಬೊಬ್ಬರಾಗಿ ಬಂದ ಬಳ್ಳಾರಿ ಸೀಮೆಯವರಿಗೆ ಸಭೆಯೇ ಬಂಧುಬಳಗವಾಗಬೇಕಾಯಿತು. ಲಂಡನ್ ಮಿಷನ್ನಿನ ಸಭೆಗಳು 1908ರಲ್ಲಿ ದಕ್ಷಿಣ ಭಾರತ ಐಕ್ಯ ಸಭೆಯೊಳಗೂ, 1947ರ ಸೆಪ್ಟೆಂಬರ್ 27ರಂದು ಚರ್ಚ್ ಆಫ್ ಸೌತ್ ಇಂಡಿಯಾದೊಳಗೂ (ಸಿ.ಎಸ್.ಐ.) ಸೇರಿದವು. ಕ್ಯಾಥೊಲಿಕರಿಗೆ 1949ರಲ್ಲಿ ಬಳ್ಳಾರಿ ಧರ್ಮಪ್ರಾಂತ್ಯ ಸ್ಥಾಪನೆಯಾಯಿತು. ಮೊದಲ ಬಿಷಪ್ ಅಮೆರಿಕದ ಫ್ರಾನ್ಸಿಸ್ಕನ್ ಪಾದ್ರಿ ಜಾನ್ ಫಾರೆಸ್ಟ್ ಹೋಗನ್.

ಸ್ವಾತಂತ್ರ್ಯದ ನಂತರ ಪ್ರಶ್ನೆ ಆಸ್ತಿಯಿಂದ ಮೀಸಲಾತಿಗೆ ಜರುಗಿತು. 1950ರ ರಾಷ್ಟ್ರಪತಿ ಆದೇಶ ಪರಿಶಿಷ್ಟ ಜಾತಿಯ ಸ್ಥಾನಮಾನವನ್ನು ಹಿಂದೂಗಳಿಗೆ ಸೀಮಿತಗೊಳಿಸಿತು. 1956ರಲ್ಲಿ ಸಿಖ್ಖರು, 1990ರಲ್ಲಿ ಬೌದ್ಧರು ಸೇರಿದರು. ಕ್ರೈಸ್ತರು ಹೊರಗೇ ಉಳಿದರು. ಬಾವಿಯ ಬಳಿ ಊರು ಜಾತಿ ಮರೆಯಲಿಲ್ಲ, ಕಚೇರಿ ಮಾತ್ರ ಮರೆಯಿತು. 2025ರ ಸೆಪ್ಟೆಂಬರಿನಲ್ಲಿ ಕರ್ನಾಟಕದ ಸಾಮಾಜಿಕ-ಶೈಕ್ಷಣಿಕ ಸಮೀಕ್ಷೆ ಆರಂಭವಾಗುವ ಹೊತ್ತಿಗೆ, ಹಿಂದೂ ಜಾತಿಯ ಹೆಸರಿನ ಜೊತೆ ‘ಕ್ರಿಶ್ಚಿಯನ್’ ಎಂದು ಸೇರಿಸಿದ ಕಲಮುಗಳ ಬಗ್ಗೆ ದೊಡ್ಡ ಗದ್ದಲವೆದ್ದು, ಸಮೀಕ್ಷೆ ನಡೆಸಿದ ಹಿಂದುಳಿದ ವರ್ಗಗಳ ಆಯೋಗ ಅವನ್ನು ಪಟ್ಟಿಯಿಂದ ಮರೆಗೆ ಸರಿಸಿತು. ರಾಜ್ಯದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ಪರಿಶಿಷ್ಟ ಜಾತಿಯಿಂದ ಮತಾಂತರಗೊಂಡ ಕ್ರೈಸ್ತರು ಪ್ರವರ್ಗ 1ರಲ್ಲಿದ್ದಾರೆ, ಉಳಿದ ಕ್ರೈಸ್ತರು 3ಬಿಯಲ್ಲಿ.