ಬೊನೇರ್ ದ್ವೀಪದ ದಡ ಡೈವಿಂಗ್

ದೋಣಿಯ ಹಂಗಿಲ್ಲದೆ ದಡದಿಂದಲೇ ನಡೆದು ನೀರಿಗಿಳಿಯುವ ಹವ್ಯಾಸಿ ಸ್ಕೂಬಾ ಡೈವಿಂಗಿಗೆ ಜಗತ್ತಿನಲ್ಲಿ ಅತಿ ಹೆಚ್ಚು ಹೆಸರಾದ ಜಾಗ ಕೆರಿಬಿಯನ್ ಸಮುದ್ರದ ಬೊನೇರ್ ದ್ವೀಪ. ವೆನೆಜುವೆಲಾ ಕರಾವಳಿಯಿಂದ ಸುಮಾರು 80 ಕಿ.ಮೀ. ಉತ್ತರಕ್ಕಿರುವ ಈ ದ್ವೀಪದ ವಿಸ್ತೀರ್ಣ 288 ಚದರ ಕಿ.ಮೀ. ಮುಖ್ಯ ಪಟ್ಟಣ ಕ್ರಾಲೆಂಡೈಕ್. 2010ರ ಅಕ್ಟೋಬರ್ 10ರಿಂದ ಇದು ನೆದರ್‌ಲೆಂಡ್ಸ್‌ನ ವಿಶೇಷ ಪುರಸಭೆ. ಜನರ ಮನೆಮಾತು ಪಾಪಿಯಮೆಂಟು. ಪಶ್ಚಿಮ ದಡದ ರಸ್ತೆಯುದ್ದಕ್ಕೂ ಹಳದಿ ಬಣ್ಣ ಬಳಿದ ಕಲ್ಲುಗಳಿವೆ. ಒಂದೊಂದರ ಮೇಲೂ ಒಂದು ಡೈವ್ ತಾಣದ ಹೆಸರು. ಡೈವರುಗಳು ಸಿಲಿಂಡರ್‌ಗಳನ್ನು ಪಿಕಪ್ ವಾಹನದ ಹಿಂದೆ ಹೇರಿಕೊಂಡು ಬಂದು, ಬೇಕಾದ ಕಲ್ಲಿನ ಬಳಿ ನಿಲ್ಲಿಸಿ, ಅಲ್ಲೇ ಸಲಕರಣೆ ತೊಟ್ಟು ಇಳಿಯುತ್ತಾರೆ. ಇಂಥ ತಾಣಗಳು ಐವತ್ತಕ್ಕೂ ಹೆಚ್ಚು.

ದಡದಿಂದ ಡೈವಿಂಗ್ ಎಲ್ಲ ಕಡಲತೀರದಲ್ಲೂ ಸಾಧ್ಯವಿಲ್ಲ. ಕರ್ನಾಟಕದ ಓದುಗರಿಗೆ ಇದು ಅನುಭವದಿಂದಲೇ ಗೊತ್ತು. ನಮ್ಮಲ್ಲಿ ಡೈವಿಂಗ್ ಎಂದರೆ ಮುರುಡೇಶ್ವರದಿಂದ ದೋಣಿಯಲ್ಲಿ ಗಂಟೆಗೂ ಮೀರಿ ಸಾಗಿ ನೇತ್ರಾಣಿ ದ್ವೀಪ ಮುಟ್ಟುವುದು. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ನದಿಗಳು ಘಟ್ಟದ ಮಣ್ಣನ್ನು ತಂದು ಸುರಿಯುವುದರಿಂದ ತೀರದ ನೀರು ಕದಡಿರುತ್ತದೆ. ತಳವೂ ತೀರದಿಂದ ಬಹು ದೂರದವರೆಗೆ ನಿಧಾನವಾಗಿ ಇಳಿಯುವ ಮರಳು ಮತ್ತು ಕೆಸರು. ಮಳೆಗಾಲದಲ್ಲಿ ಸಮುದ್ರಕ್ಕೆ ಇಳಿಯುವ ಮಾತೇ ಇಲ್ಲ.

ಬೊನೇರ್‌ನಲ್ಲಿ ಎಲ್ಲವೂ ಇದಕ್ಕೆ ತಿರುವುಮುರುವು. ಅಲ್ಲಿನ ವಾರ್ಷಿಕ ಮಳೆ ಸುಮಾರು 500 ಮಿ.ಮೀ. ಮಾತ್ರ; ಕಳ್ಳಿಯೂ ಮುಳ್ಳುಕಂಟಿಯೂ ಬೆಳೆಯುವ ಒಣನೆಲ. ನದಿಯೇ ಇಲ್ಲದ ಕಾರಣ ಕಡಲಿಗೆ ಹೂಳು ಸೇರುವುದು ತೀರ ಕಡಿಮೆ, ನೀರಿನೊಳಗೆ ಮೂವತ್ತು ಮೀಟರಿನಷ್ಟು ದೂರ ಕಾಣುವುದು ಸಾಮಾನ್ಯ. ವಾಣಿಜ್ಯ ಮಾರುತಗಳು ವರ್ಷವಿಡೀ ಪೂರ್ವದಿಂದ ಬೀಸುವುದರಿಂದ ಅಲೆಗಳ ಹೊಡೆತವೆಲ್ಲ ಪೂರ್ವ ದಡಕ್ಕೆ. ಗಾಳಿಮರೆಯಲ್ಲಿರುವ ಪಶ್ಚಿಮ ದಡ ಬಹುತೇಕ ದಿನ ಶಾಂತ. ಚಂಡಮಾರುತಗಳ ಹಾದಿಯೂ ಸಾಮಾನ್ಯವಾಗಿ ಇನ್ನೂ ಉತ್ತರಕ್ಕೆ. ಇವೆಲ್ಲಕ್ಕಿಂತ ಮುಖ್ಯವಾದುದು ತಳದ ಆಕಾರ. ದಡ ಬಿಟ್ಟ ಮೇಲೆ ಮರಳು, ಹವಳದ ಚೂರುಗಳ ಒಂದು ಕಿರು ಜಗಲಿ. ಅದು ಮುಗಿಯುವ ಹತ್ತು ಮೀಟರ್ ಆಸುಪಾಸಿನ ಆಳದಲ್ಲಿ ಹವಳ ದಿಬ್ಬದ ಅಂಚು. ಅಲ್ಲಿಂದ ಇಳಿಜಾರು ಮೂವತ್ತು ಮೀಟರ್ ದಾಟಿ ಕೆಳಗೆ ಹೋಗುತ್ತದೆ. ಬಹಳ ತಾಣಗಳಲ್ಲಿ ಈ ಅಂಚಿಗೆ ಕೆಲವೇ ನಿಮಿಷದ ಈಜು.

ಪ್ರಕೃತಿ ಹೀಗೆ ಹತ್ತಿರ ತಂದಿಟ್ಟದ್ದನ್ನು ಮನುಷ್ಯರು ಉಳಿಸಿಕೊಂಡ ರೀತಿಯೇ ಬೊನೇರ್‌ನ ನಿಜವಾದ ಹೆಗ್ಗಳಿಕೆ. 1961ರಲ್ಲೇ ಕಡಲಾಮೆಗಳ ಗೂಡು ಮತ್ತು ಮೊಟ್ಟೆಗಳಿಗೆ ಕಾನೂನಿನ ರಕ್ಷಣೆ ದೊರೆಯಿತು. 1971ರಲ್ಲಿ ಈಟಿಗಾಳದಿಂದ ಮೀನು ಹೊಡೆಯುವುದನ್ನು ನಿಷೇಧಿಸಲಾಯಿತು. 1975ರಲ್ಲಿ ಹವಳವನ್ನು ಮುರಿಯುವುದು, ಜೀವಂತವಾಗಲಿ ಸತ್ತದ್ದಾಗಲಿ ನೀರಿನಿಂದ ಹೊರತರುವುದು, ಮಾರುವುದು ಅಪರಾಧವಾಯಿತು. 1979ರಲ್ಲಿ ದ್ವೀಪದ ಸುತ್ತ, ಭರತದ ಗೆರೆಯಿಂದ 60 ಮೀಟರ್ ಆಳದವರೆಗಿನ ಸುಮಾರು 2,700 ಹೆಕ್ಟೇರ್ ಕಡಲು ಬೊನೇರ್ ರಾಷ್ಟ್ರೀಯ ಸಾಗರ ಉದ್ಯಾನವಾಯಿತು. ಎದುರಿನ ಜನವಸತಿಯಿಲ್ಲದ ಕಿರುದ್ವೀಪ ಕ್ಲೈನ್ ಬೊನೇರ್‌ನ ಸುತ್ತಲಿನ ನೀರೂ ಅದರಲ್ಲಿ ಸೇರಿದೆ. ಇದನ್ನು ನೋಡಿಕೊಳ್ಳುವುದು ಸ್ಟಿನಾಪಾ ಎಂಬ ಸ್ಥಳೀಯ ಪ್ರತಿಷ್ಠಾನ. 1992ರಿಂದ ಡೈವರುಗಳೇ ಶುಲ್ಕ ತೆತ್ತು ಉದ್ಯಾನದ ಖರ್ಚಿಗೆ ಹೆಗಲು ಕೊಡುತ್ತಿದ್ದಾರೆ.

ಈ ಕಥೆಯಲ್ಲಿ ಡಾನ್ ಸ್ಟೀವರ್ಟ್ ಎಂಬಾತನ ಹೆಸರನ್ನು ಬಿಡುವಂತಿಲ್ಲ. 1962ರಲ್ಲಿ ಹಾಯಿಹಡಗಿನಲ್ಲಿ ಬಂದ ಈ ಅಮೆರಿಕನ್ ಮೊದಲಿಗೆ ತಾನೂ ಮೀನು ಬೇಟೆಯಾಡಿದವನು. ಮುಂದೆ ದ್ವೀಪದ ಡೈವಿಂಗ್ ಉದ್ಯಮಕ್ಕೆ ತಳಪಾಯ ಹಾಕಿ, ದೋಣಿಗಳು ಹವಳದ ಮೇಲೆ ಲಂಗರು ಎಸೆಯುವುದನ್ನು ಬಿಟ್ಟು ತಳಕ್ಕೆ ಭದ್ರವಾಗಿ ಕಟ್ಟಿದ ತೇಲುಬುರುಡೆಗಳಿಗೆ ಹಗ್ಗ ಬಿಗಿಯಬೇಕೆಂದು ಪಟ್ಟು ಹಿಡಿದ. ‘ಕ್ಯಾಪ್ಟನ್ ಡಾನ್’ ಎಂದೇ ಜನ ಕರೆಯುತ್ತಿದ್ದ ಆತ 2014ರಲ್ಲಿ ತೀರಿಕೊಂಡ.

ಉದ್ಯಾನದ ನಿಯಮಗಳು ಹೊಸಬರಿಗೆ ಬಿಗಿ ಎನಿಸಬಹುದು. ದ್ವೀಪಕ್ಕೆ ಬಂದ ಡೈವರ್ ಎಷ್ಟೇ ಅನುಭವಿಯಾಗಿದ್ದರೂ ಮೊದಲು ನಿಯಮಗಳ ವಿವರಣೆ ಕೇಳಿ, ತೇಲುವಿಕೆಯ ಹತೋಟಿ ಪರೀಕ್ಷಿಸಿಕೊಳ್ಳುವ ಒಂದು ಡೈವ್ ಮಾಡಬೇಕು. ಕೈಗವಸು ತೊಡುವಂತಿಲ್ಲ. ಬರಿಗೈಯವನು ಮುಟ್ಟಲು ಹಿಂಜರಿಯುತ್ತಾನೆ. ಕೈಗವಸು ಇದ್ದರೆ ಹವಳವನ್ನೇ ಹಿಡಿದು ನಿಲ್ಲುತ್ತಾನೆ. ಸಲಹೆಗಳ ಫಲಕ ನೆಡುವುದಕ್ಕಿಂತ ಇಂಥ ಒಂದು ಸರಳ ನಿಯಮವೇ ಹೆಚ್ಚು ಕೆಲಸ ಮಾಡುತ್ತದೆ.

ಇಳಿಯುವ ಕ್ರಮ

1943ರಲ್ಲಿ ಫ್ರಾನ್ಸ್‌ನ ಜಾಕ್ ಕುಸ್ಟೋ ಮತ್ತು ಎಮಿಲ್ ಗಾನ್ಯಾ ರೂಪಿಸಿದ ಆಕ್ವಾಲಂಗ್ ಉಪಕರಣವೇ ಇಂದಿನ ಸ್ಕೂಬಾ ಸಲಕರಣೆಯ ಮೂಲ. ಬೆನ್ನಿಗೆ ಒತ್ತಿದ ಗಾಳಿಯ ಸಿಲಿಂಡರ್, ಸುತ್ತಲಿನ ನೀರಿನ ಒತ್ತಡಕ್ಕೆ ಸರಿಯಾಗಿ ಗಾಳಿಯನ್ನು ಬಾಯಿಗೊದಗಿಸುವ ರೆಗ್ಯುಲೇಟರ್, ಗಾಳಿ ತುಂಬಿಸಿಯೂ ಬಿಟ್ಟೂ ತೇಲುವಿಕೆಯನ್ನು ಹೊಂದಿಸುವ ಜಾಕೆಟ್, ಸೊಂಟಕ್ಕೆ ಸೀಸದ ತೂಕ, ಮುಖಕ್ಕೆ ಮಾಸ್ಕ್, ಕಾಲಿಗೆ ಫಿನ್. ಪ್ರತಿ ಹತ್ತು ಮೀಟರಿಗೆ ಒಂದು ವಾಯುಮಂಡಲದಷ್ಟು ಒತ್ತಡ ಹೆಚ್ಚುತ್ತದೆ. ಮೂವತ್ತು ಮೀಟರ್ ಆಳದಲ್ಲಿ ಒಟ್ಟು ಒತ್ತಡ ಮೇಲ್ಮೈಯ ನಾಲ್ಕು ಪಟ್ಟು. ಗಾಳಿಯೂ ಅಷ್ಟೇ ಬೇಗ ಮುಗಿಯುತ್ತದೆ. ಆರಂಭಿಕ ತರಬೇತಿ ಪಡೆದವರಿಗೆ ಸಾಮಾನ್ಯ ಮಿತಿ 18 ಮೀಟರ್. ಹವ್ಯಾಸಿ ಡೈವಿಂಗಿನ ಕೊನೆಯ ಗಡಿ 40 ಮೀಟರ್.

ದಡದಿಂದ ಇಳಿಯುವಾಗ ಕಷ್ಟದ ಭಾಗ ಆಳದಲ್ಲಿಲ್ಲ, ಮೊಣಕಾಲು ಮುಳುಗುವ ನೀರಿನಲ್ಲಿದೆ. ಬೊನೇರ್‌ನ ತೀರ ಬಹುಪಾಲು ಚೂಪು ಸುಣ್ಣಕಲ್ಲು ಮತ್ತು ಹವಳದ ಚೂರು. ಬೆನ್ನ ಮೇಲಿನ ಭಾರದೊಡನೆ ಎಡವಿದರೆ ಪಾದ ತಿರುಚುವುದು, ಕೈ ಊರಿದರೆ ಸೀ ಅರ್ಚಿನ್ನಿನ ಮುಳ್ಳು ಚುಚ್ಚುವುದು ಸುಲಭ. ಆದ್ದರಿಂದ ದಪ್ಪ ಅಟ್ಟೆಯ ಬೂಟು ತೊಟ್ಟು, ಜೊತೆಗಾರನ ತೋಳು ಹಿಡಿದು ಸೊಂಟಮಟ್ಟದವರೆಗೆ ನಡೆದು, ಅಲ್ಲಿ ಫಿನ್ ಸಿಕ್ಕಿಸಿಕೊಂಡು ತೇಲುತ್ತಾರೆ. ಮೊದಲ ಅರ್ಧ ಗಾಳಿಯನ್ನು ಹರಿವಿನ ಎದುರಿಗೆ ಈಜುತ್ತ ಬಳಸಿ, ಉಳಿದರ್ಧದಲ್ಲಿ ಹರಿವಿನೊಡನೆ ಹಿಂದಿರುಗುವುದು ರೂಢಿ. ದೋಣಿ ಬಂದು ಎತ್ತಿಕೊಳ್ಳುವುದಿಲ್ಲವಾದ್ದರಿಂದ ಇಳಿದ ಜಾಗಕ್ಕೇ ಮರಳಬೇಕು. ಅಂಚಿನ ಬಳಿಯ ಹವಳದ ಗುಡ್ಡೆಯನ್ನೋ ಬುರುಡೆಯ ಹಗ್ಗವನ್ನೋ ಗುರುತಿಟ್ಟುಕೊಳ್ಳುವುದು ಅಗತ್ಯ. ಏರುವಾಗ ನಿಧಾನ, ಐದು ಮೀಟರಿನಲ್ಲಿ ಮೂರು ನಿಮಿಷದ ತಂಗುವಿಕೆ: ಅಂಗಾಂಶಗಳಲ್ಲಿ ಕರಗಿದ ಸಾರಜನಕ ಗುಳ್ಳೆಯಾಗದಂತೆ ಹೊರಬೀಳಲು ಇದು ಬೇಕು. ದಡದ ಡೈವಿಂಗಿನಲ್ಲಿ ಈ ತಂಗುವಿಕೆ ಹೊರೆಯೆನಿಸುವುದಿಲ್ಲ, ಏಕೆಂದರೆ ಹಿಂದಿರುಗುವ ದಾರಿಯೇ ಜೀವಿಗಳು ತುಂಬಿದ ಆಳವಿಲ್ಲದ ಜಗಲಿ. ಕೊನೆಯ ಡೈವ್ ಮುಗಿದ ಮೇಲೆ 18ರಿಂದ 24 ಗಂಟೆ ವಿಮಾನ ಏರಬಾರದು.

ಜೀವಿಗಳು

ಹೊಸಬರು ಜಗಲಿಯನ್ನು ದಾಟಿ ದಿಬ್ಬದ ಅಂಚಿಗೆ ಅವಸರದಿಂದ ಹೋಗಿಬಿಡುತ್ತಾರೆ. ಅದು ದೊಡ್ಡ ನಷ್ಟ. ಮರಳಿನಲ್ಲಿ ಬಿಲ ತೋಡಿ ಬಾಯಲ್ಲಿ ಕಲ್ಲು ಹೊತ್ತು ಅದರ ಅಂಚು ಕಟ್ಟುವ ಹಳದಿತಲೆಯ ಜಾಫಿಶ್ ಸಿಗುವುದು ಇಲ್ಲೇ. ಹೆಣ್ಣಿಟ್ಟ ಮೊಟ್ಟೆಗಳನ್ನು ಗಂಡು ತನ್ನ ಬಾಯೊಳಗೇ ಸುಮಾರು ಒಂದು ವಾರ ಕಾಪಾಡುತ್ತದೆ. ಆಗಾಗ ಬಾಯ್ತೆರೆದು ಮೊಟ್ಟೆಗಳ ಮುದ್ದೆಯನ್ನು ಹೊರಳಿಸಿ ಹೊಸ ನೀರು ತಾಗಿಸುತ್ತದೆ. ಮರಳಿನ ಬಣ್ಣವನ್ನೇ ತಾಳಿ ಮಲಗಿದ ನವಿಲು ಫ್ಲೌಂಡರ್ ಮೀನಿನ ಎರಡೂ ಕಣ್ಣು ಒಂದೇ ಪಕ್ಕದಲ್ಲಿ. ಇನ್ನಷ್ಟು ಆಳದ ಮರಳಿನಿಂದ ತೋಟದ ಹಾವುಮೀನುಗಳು ಮೈಯ ಅರ್ಧವನ್ನಷ್ಟೇ ಹೊರಚಾಚಿ ನೀರಿನಲ್ಲಿ ತೇಲಿಬರುವ ಆಹಾರವನ್ನು ಆಯುತ್ತವೆ. ಡೈವರ್ ಸಮೀಪಿಸಿದರೆ ಇಡೀ ಹಿಂಡು ಒಟ್ಟಿಗೆ ಬಿಲಕ್ಕಿಳಿಯುತ್ತದೆ.

ಜಗಲಿಯ ಮೇಲಿನ ನೀರಿನಲ್ಲಿ ಕೆರಿಬಿಯನ್ ಸ್ಕ್ವಿಡ್‌ಗಳು ಸಾಲಾಗಿ ನಿಂತಿರುತ್ತವೆ. ನಮ್ಮ ಕರಾವಳಿಯವರು ಬೊಂಡಾಸ್ ಎನ್ನುವ ಜೀವಿಗಳ ಬಳಗದವು ಇವು. ಚರ್ಮದ ಬಣ್ಣದ ಚೀಲಗಳನ್ನು ಹಿಗ್ಗಿಸಿ ಕುಗ್ಗಿಸಿ ಕ್ಷಣಾರ್ಧದಲ್ಲಿ ರೂಪ ಬದಲಿಸುವ ಇವು, ಮೈಯ ಒಂದು ಬದಿಯಿಂದ ಹೆಣ್ಣಿಗೆ ಒಲವಿನ ಸೂಚನೆಯನ್ನೂ ಇನ್ನೊಂದು ಬದಿಯಿಂದ ಎದುರಾಳಿ ಗಂಡಿಗೆ ಬೆದರಿಕೆಯನ್ನೂ ಒಮ್ಮೆಗೇ ತೋರಬಲ್ಲವು.

ದಿಬ್ಬದ ಇಳಿಜಾರಿನಲ್ಲಿ ಕಣ್ಣಿಗೆ ಮೊದಲು ಬೀಳುವುದು ಜೋಡಿಯಾಗಿ ಅಡ್ಡಾಡುವ ಫ್ರೆಂಚ್ ಏಂಜೆಲ್ ಮೀನುಗಳು, ನೀಲಿ ಟ್ಯಾಂಗ್ ಮೀನುಗಳ ಹಿಂಡು, ಹವಳದ ಕೊಂಬೆಗಳ ನಡುವೆ ತಲೆಕೆಳಗಾಗಿ ನಿಂತು ಕೊಂಬೆಯಂತೆಯೇ ಕಾಣುವ ತುತ್ತೂರಿ ಮೀನು. ಆದರೆ ಕಿವಿಗೆ ಮೊದಲು ಬೀಳುವುದು ಗಿಳಿಮೀನಿನ ಕಟಕಟ ಸದ್ದು. ಕೊಕ್ಕಿನಂಥ ಹಲ್ಲಿನಿಂದ ಬಂಡೆ ಕೆರೆದು ಪಾಚಿ ತಿನ್ನುವ ಈ ಮೀನು, ಜೊತೆಗೆ ಒಳಸೇರಿದ ಸುಣ್ಣವನ್ನು ಗಂಟಲ ಹಲ್ಲುಗಳಲ್ಲಿ ಅರೆದು ಮರಳಾಗಿ ಹೊರಹಾಕುತ್ತದೆ. ಇಲ್ಲಿನ ಬಿಳಿ ಮರಳಿನಲ್ಲಿ ದೊಡ್ಡ ಪಾಲು ಇದರದೇ. ಹವಳದ ಮರಿಗಳು ಬಂಡೆಗೆ ಅಂಟಿ ಬೆಳೆಯಲು ಪಾಚಿಯಿಲ್ಲದ ಜಾಗ ಬೇಕು. ಆ ಜಾಗ ಮಾಡಿಕೊಡುವವರಲ್ಲಿ ಗಿಳಿಮೀನು ಮುಖ್ಯ. ಹಾಗಾಗಿಯೇ 2010ರಲ್ಲಿ ಬೊನೇರ್ ಅದನ್ನು ಹಿಡಿಯುವುದನ್ನು ನಿಷೇಧಿಸಿತು. ಹಲವು ಗಿಳಿಮೀನುಗಳು ಹೆಣ್ಣಾಗಿ ಬೆಳೆದು ಮುಂದೆ ಗಂಡಾಗುತ್ತವೆ, ಬಣ್ಣವೂ ಕಂದಿನಿಂದ ಹಸಿರು ನೀಲಿಗೆ ತಿರುಗುತ್ತದೆ. ರಾತ್ರಿ ಕೆಲವು ಜಾತಿಯವು ಬಾಯಿಂದ ಲೋಳೆ ಸುರಿಸಿ ಪಾರದರ್ಶಕ ಪೊರೆ ಕಟ್ಟಿಕೊಂಡು ಅದರೊಳಗೆ ನಿದ್ರಿಸುತ್ತವೆ.

ಬೀಸಣಿಗೆ ಹವಳದ ಮೇಲೆ ಫ್ಲೆಮಿಂಗೊ ಟಂಗ್ ಎಂಬ ಬಸವನಹುಳು ಮೇಯುತ್ತಿರುತ್ತದೆ. ಚಿರತೆಯ ಮೈಯಂಥ ಅದರ ಚಿತ್ತಾರ ಚಿಪ್ಪಿನದಲ್ಲ, ಚಿಪ್ಪನ್ನು ಹೊದ್ದ ಜೀವಂತ ಚರ್ಮದ್ದು. ಚೆಲುವಿಗೆ ಮರುಳಾಗಿ ಕಿತ್ತು ತಂದವರ ಕೈಯಲ್ಲಿ ಉಳಿಯುವುದು ಬಣ್ಣಗೆಟ್ಟ ಚಿಪ್ಪು ಮಾತ್ರ. ಕೆಲವು ಕಡಲ ಹೂಗಳ ಬಳಿ ಪೆಡರ್ಸನ್ ಸೀಗಡಿ ಮೀಸೆ ಆಡಿಸುತ್ತ ನಿಲ್ಲುತ್ತದೆ. ಅದು ಮೀನುಗಳಿಗೆ ಕರೆ. ಬಂದ ಮೀನು ಬಾಯಿ, ಕಿವಿರು ತೆರೆದು ಅಲುಗದೆ ನಿಂತರೆ ಸೀಗಡಿ ಒಳಹೊಕ್ಕು ಪರಾವಲಂಬಿಗಳನ್ನು ಹೆಕ್ಕುತ್ತದೆ. ಕಡಲಕುದುರೆ, ಕಪ್ಪೆಮೀನುಗಳೂ ಇವೆ. ಅವನ್ನು ಕಾಣಲು ಒಂದೇ ಹವಳದ ಮುಂದೆ ಹತ್ತು ನಿಮಿಷ ನಿಲ್ಲುವ ತಾಳ್ಮೆ ಬೇಕು. ಹಸಿರು ಕಡಲಾಮೆಯೂ ಗಿಡುಗಮೂತಿಯ ಕಡಲಾಮೆಯೂ ಸಾಮಾನ್ಯ; ಚುಕ್ಕೆ ತೊರಕೆ ಆಗೊಮ್ಮೆ ಈಗೊಮ್ಮೆ.

ಕತ್ತಲಾದ ಮೇಲೆ ಇದೇ ದಿಬ್ಬ ಬೇರೆಯವರ ಕೈಗೆ ಹೋಗುತ್ತದೆ. ಹಗಲು ಮರೆಯಾಗಿದ್ದ ಆಕ್ಟೋಪಸ್ ಬೇಟೆಗೆ ಹೊರಡುತ್ತದೆ. ಎರಡು ಮೀಟರ್ ಉದ್ದದ ಬೆಳ್ಳಿಮೈಯ ಟಾರ್ಪನ್ ಮೀನು ಡೈವರನ ಹಿಂದೆಯೇ ಬಂದು, ಅವನ ಟಾರ್ಚ್ ಬೆಳಕಿಗೆ ಸಿಕ್ಕ ಮೀನನ್ನು ತಟ್ಟನೆ ಕಬಳಿಸುತ್ತದೆ. ಆದ್ದರಿಂದ ಸಣ್ಣ ಮೀನಿನ ಮೇಲೆ ಬೆಳಕನ್ನು ನಿಲ್ಲಿಸದಿರುವುದು ಒಳ್ಳೆಯ ನಡೆ. ಹುಣ್ಣಿಮೆ ಕಳೆದ ಕೆಲವು ರಾತ್ರಿಗಳಲ್ಲಿ, ಚಂದ್ರ ಮೂಡುವ ಮುನ್ನ, ಟಾರ್ಚ್ ಆರಿಸಿದರೆ ಆಸ್ಟ್ರಕಾಡ್‌ಗಳ ನೋಟ ಸಿಗುತ್ತದೆ. ಎಳ್ಳುಕಾಳಿನಷ್ಟಿರುವ ಈ ಚಿಪ್ಪುಜೀವಿಗಳ ಗಂಡುಗಳು ಮೇಲೇರುತ್ತ ಹೊಳೆಯುವ ನೀಲಿ ಚುಕ್ಕೆಗಳನ್ನು ಒಂದರ ಮೇಲೊಂದು ಬಿಟ್ಟು ಹೆಣ್ಣನ್ನು ಕರೆಯುತ್ತವೆ. ಚುಕ್ಕೆಗಳ ನಡುವಿನ ಅಂತರ ಆಯಾ ಜಾತಿಗೇ ಬೇರೆ. ಸೆಪ್ಟೆಂಬರ್, ಅಕ್ಟೋಬರ್ ಹುಣ್ಣಿಮೆ ಕಳೆದು ಸುಮಾರು ಒಂದು ವಾರಕ್ಕೆ ಹವಳಗಳು ರಾತ್ರಿಯಲ್ಲಿ ಏಕಕಾಲಕ್ಕೆ ಅಂಡಾಣು, ವೀರ್ಯಾಣುಗಳನ್ನು ಬಿಡುತ್ತವೆ.

ಕೆಲವು ತಾಣಗಳು

ಉತ್ತರದ ‘ಸಾವಿರ ಮೆಟ್ಟಿಲು’ ತಾಣದಲ್ಲಿ ಮೆಟ್ಟಿಲುಗಳು ಎಪ್ಪತ್ತರ ಸುಮಾರು. ಸಿಲಿಂಡರ್ ಹೊತ್ತು ಏರುವಾಗ ಹುಟ್ಟಿದ ಹೆಸರದು. ದಕ್ಷಿಣದಲ್ಲಿ ಉಪ್ಪು ಹೇರುವ ಜೆಟ್ಟಿಯ ಕಂಬಗಳಿಗೆ ಸ್ಪಂಜು, ಹವಳ ಮೆತ್ತಿಕೊಂಡಿವೆ. ಹಡಗು ನಿಂತಾಗ ಅಲ್ಲಿ ಇಳಿಯುವಂತಿಲ್ಲ. ಅದರ ಆಚೆ ದಡದ ಮೇಲೆ 1850ರಲ್ಲಿ ಉಪ್ಪಿನಾಗರದ ಗುಲಾಮರಿಗೆ ಕಟ್ಟಿದ, ಬಾಗಿಯೇ ನುಸುಳಬೇಕಾದ ಕಲ್ಲಿನ ಗೂಡುಗಳಿವೆ. ನೆದರ್‌ಲೆಂಡ್ಸ್ ತನ್ನ ಕೆರಿಬಿಯನ್ ವಸಾಹತುಗಳಲ್ಲಿ ಗುಲಾಮಗಿರಿ ರದ್ದುಮಾಡಿದ್ದು 1863ರಲ್ಲಿ. ಪಕ್ಕದ ಡೈವ್ ತಾಣಕ್ಕೂ ಆ ಗುಲಾಮರ ಹೆಸರೇ ಇದೆ. ಈ ಗೂಡುಗಳ ಮುಂದೆ ನಿಲ್ಲದೆ ನೇರ ನೀರಿಗಿಳಿಯುವುದು ದ್ವೀಪವನ್ನು ಅರ್ಧವೇ ಕಂಡಂತೆ.

ಹಿಲ್ಮಾ ಹೂಕರ್ ಸುಮಾರು 72 ಮೀಟರ್ ಉದ್ದದ ಸರಕು ಹಡಗು. 1984ರಲ್ಲಿ ಕೆಟ್ಟು ನಿಂತ ಅದನ್ನು ಬಂದರಿಗೆ ಎಳೆತಂದಾಗ ಅಡಗಿಸಿಟ್ಟ ಅಪಾರ ಪ್ರಮಾಣದ ಗಾಂಜಾ ಸಿಕ್ಕಿತು. ಸೋರುತ್ತಿದ್ದ ಹಡಗು ಅದೇ ವರ್ಷದ ಸೆಪ್ಟೆಂಬರ್ 12ರಂದು ಮುಳುಗಿ, ಎರಡು ಹವಳ ದಿಬ್ಬಗಳ ನಡುವಿನ ಮರಳಿನಲ್ಲಿ ಸುಮಾರು 30 ಮೀಟರ್ ಆಳದಲ್ಲಿ ಬಲಮಗ್ಗುಲಾಗಿ ಮಲಗಿದೆ.

ಕುತ್ತುಗಳು

ಉದ್ಯಾನದ ಗಡಿ ಕಾಯಿಲೆಯನ್ನೂ ಬಿಸಿನೀರನ್ನೂ ತಡೆಯಲಾರದು. 1980ರ ದಶಕಕ್ಕೆ ಮುನ್ನ ಆಳವಿಲ್ಲದ ನೀರಿನಲ್ಲಿ ದಟ್ಟವಾಗಿದ್ದ ಕಡವೆಕೊಂಬಿನ ಹವಳಗಳು ಬಿಳಿಪಟ್ಟಿ ರೋಗಕ್ಕೆ ಬಲಿಯಾದವು. 1983ರಲ್ಲಿ ಕೆರಿಬಿಯನ್ ತುಂಬ ಹಬ್ಬಿದ ಇನ್ನೊಂದು ರೋಗ, ಪಾಚಿ ಮೇಯುವ ಉದ್ದಮುಳ್ಳಿನ ಕಪ್ಪು ಸೀ ಅರ್ಚಿನ್‌ಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚನ್ನು ಕೊಂದಿತು. 1999ರಲ್ಲಿ ಲೆನ್ನಿ ಚಂಡಮಾರುತ ಎಂದಿನ ದಿಕ್ಕಿಗೆ ವಿರುದ್ಧವಾಗಿ ಪಶ್ಚಿಮದಿಂದ ಅಲೆ ಎಬ್ಬಿಸಿ ಗಾಳಿಮರೆಯ ದಡವನ್ನೇ ಬಡಿಯಿತು.

2009ರಲ್ಲಿ ಸಿಂಹಮೀನು ಬಂತು. ಹಿಂದೂ ಮಹಾಸಾಗರ, ಪೆಸಿಫಿಕ್‌ಗಳ ಈ ಮೀನು ನೇತ್ರಾಣಿಯಲ್ಲಿ ಕಂಡರೆ ಸಂತೋಷಪಡಬಹುದು, ಅದು ಅದರ ತವರು. ಅಟ್ಲಾಂಟಿಕ್‌ನಲ್ಲಿ ಅದನ್ನು ಹತೋಟಿಯಲ್ಲಿಡುವ ವೈರಿಗಳಿಲ್ಲ. ಅಲ್ಲಿನ ಮರಿಮೀನುಗಳಿಗೆ ಅದರಿಂದ ತಪ್ಪಿಸಿಕೊಳ್ಳುವ ಅರಿವೂ ಇಲ್ಲ. ಈಟಿ ನಿಷೇಧಿಸಿದ ದ್ವೀಪವೇ ಇದೊಂದಕ್ಕಾಗಿ ತರಬೇತಿ ಪಡೆದ ಡೈವರುಗಳ ಕೈಗೆ ವಿಶೇಷ ಈಟಿ ಕೊಡಬೇಕಾಯಿತು.

2023ರಲ್ಲಿ, 2014ರಿಂದ ಫ್ಲಾರಿಡಾವನ್ನು ಕಾಡುತ್ತಿದ್ದ ಗಟ್ಟಿಹವಳದ ಅಂಗಾಂಶ ನಾಶದ ರೋಗ ಬೊನೇರ್‌ಗೂ ತಲುಪಿತು. ಮಿದುಳು ಹವಳ, ಕಂಬ ಹವಳಗಳಂಥ ಶತಮಾನಗಳ ಬೆಳವಣಿಗೆಯನ್ನು ಅದು ವಾರಗಳಲ್ಲಿ ಬರೀ ಸುಣ್ಣದ ಎಲುಬಾಗಿಸುತ್ತದೆ. ಅದೇ ವರ್ಷ ಸಮುದ್ರದ ನೀರು ಅತಿಯಾಗಿ ಕಾದು ಹವಳಗಳು ಬಿಳಿಚಿದವು. ರೋಗವನ್ನು ತಾಣದಿಂದ ತಾಣಕ್ಕೆ ಹೊತ್ತೊಯ್ಯದಂತೆ ಡೈವರುಗಳು ಸಲಕರಣೆಯನ್ನು ಸೋಂಕುನಿವಾರಕ ದ್ರಾವಣದಲ್ಲಿ ಅದ್ದಿ ತೊಳೆಯಬೇಕಾಗಿದೆ. ಇತ್ತ 2012ರಲ್ಲಿ ಶುರುವಾದ ಹವಳ ಮರುಸ್ಥಾಪನೆಯ ಯೋಜನೆ ನೀರಿನೊಳಗೆ ಮರದಾಕಾರದ ಚೌಕಟ್ಟುಗಳನ್ನು ನಿಲ್ಲಿಸಿ, ಕಡವೆಕೊಂಬಿನ ಹವಳದ ತುಂಡುಗಳನ್ನು ಅವಕ್ಕೆ ತೂಗುಹಾಕಿ ಬೆಳೆಸುತ್ತದೆ. ಬಲಿತ ತುಂಡುಗಳನ್ನು ಬಿದಿರಿನ ಚೌಕಟ್ಟಿಗೆ ಕಟ್ಟಿ ಜಗಲಿಯ ಮೇಲೆ ನೆಡುತ್ತಾರೆ. ತರಬೇತಿ ಪಡೆದ ಸಾಮಾನ್ಯ ಡೈವರುಗಳೂ ಈ ಕೆಲಸಕ್ಕೆ ಕೈಜೋಡಿಸುತ್ತಾರೆ.